ಐತಜ್ಜನ ಹೆಂಚು

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್
೯ ಸೆಪ್ಟೆಂಬರ್ ೨೦೨೫

ಶ್ರೀಮದ್ ಗತಕಾಲ ಸಾಮ್ರಾಜ್ಯ ಸಿಂಹಾಸನಾಧೀಶ್ವರಿ, ಶಿಲಾಶಾಸನ ಶಿರೋಮಣಿ, ತಾಮ್ರಪಟ ತಪಸ್ವಿನಿ, ಮರೆತುಹೋದ ಇಸವಿಗಳ ಮಹಾಮಾತೆ, ಕರಾಮಾದ ಲಿಫ್ಟ್ ಕೆಟ್ಟ ಕಟ್ಟಡದ ಮೂರನೇ ಮಹಡಿಯಲ್ಲಿ ಬಿಜಯಂಗೈದಿರುವ ಶ್ರೀಮತಿ ಫೆಲ್ಸಿ ಟೀಚರ್ ಅವರ ಪಾದಾರವಿಂದಗಳಿಗೆ—

ಜೆಬೆಲ್ ಅಲಿ ಗೋದಾಮು ಸೀಮೆಯಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುವ ಆಸ್ಥಾನ ಕಲಾವಿದ, ಕಂಪನಿ ಬಸ್ಸಿನ ಕೊನೆಯ ಸೀಟಿನ ಏಕಚ್ಛತ್ರಾಧಿಪತಿ, ಉಡುಪಿ ಜಿಲ್ಲೆ ಕಾಪು ಕಡೆಯ ರಿತೇಶನು ಮಾಡುವ ದೀರ್ಘದಂಡ ನಮಸ್ಕಾರಗಳು.

ತರುವಾಯ ಅರಿಕೆ ಏನೆಂದರೆ, ಕರಾಮಾದ ಹೋಟೆಲೊಂದರಲ್ಲಿ ಮೀನು ಊಟ ಮುಗಿಸಿ ಕೈ ತೊಳೆಯುತ್ತಿರುವಾಗ, ನಳ್ಳಿಯ ಮೇಲೆ ಅಂಟಿಸಿದ ತಮ್ಮ ಪ್ರಕಟಣೆ ಕಣ್ಣಿಗೆ ಬಿತ್ತು. ಕುತೂಹಲವಿರುವ ದೊಡ್ಡವರಿಗಾಗಿ ಹನ್ನೆರಡು ಭಾನುವಾರಗಳ ಇತಿಹಾಸ ತರಗತಿ. ಯಾವ ವಿಶ್ವವಿದ್ಯಾಲಯಕ್ಕೂ ಸೇರಿದ್ದಲ್ಲ, ಪರೀಕ್ಷೆ ಇಲ್ಲ, ಸರ್ಟಿಫಿಕೇಟೂ ಇಲ್ಲ. ಅರ್ಜಿ ಮಾತ್ರ ಕೈಬರಹದಲ್ಲಿಯೇ ಇರಬೇಕು. ಓದಿದಾಗ ನನ್ನ ಎರಡೂ ಕಣ್ಣುಗಳಲ್ಲಿ ಆನಂದಬಾಷ್ಪ ಹರಿಯಿತು. ಸ್ವಲ್ಪ ಸೋಪು ಕೂಡ ಹೋಗಿತ್ತು.

ಆದ್ದರಿಂದ ನನ್ನ ತಾಯಿಯ ಅಣ್ಣ, ಮಹಾಮಹೋಪಾಧ್ಯಾಯ ತುಕ್ರ ಪೂಜಾರಿಯವರನ್ನು ತಮ್ಮ ಗುರುಕುಲಕ್ಕೆ ಸಮರ್ಪಿಸುತ್ತಿದ್ದೇನೆ. ಅವರು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್‌ನಲ್ಲಿ ಸ್ವಿಚ್ಚು, ವೈರು, ಟ್ಯೂಬ್‌ಲೈಟ್ ಪೀಠದಲ್ಲಿ ಮೂವತ್ತನಾಲ್ಕು ವರ್ಷ ಸಂಶೋಧನೆ ನಡೆಸಿದವರು. ಅಂದರೆ ಒಂದು ಅಂಗಡಿಯ ಸ್ಟೋರ್‌ಕೀಪರ್. ಏಳನೇ ಕ್ಲಾಸಿನವರೆಗೆ ಶಾಲೆಗೆ ಹೋದವರು. ಬರುವ ಡಿಸೆಂಬರಿಗೆ ಅರವತ್ತು ತುಂಬಿ ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೊರಡುವವರು. ಎದುರಿಗೆ ಯಾರು ಕೂತರೂ "ಆಗ ಎಂಥ ಆಯ್ತು ಗೊತ್ತುಂಟಾ?" ಎಂದು ಶುರು ಮಾಡುವವರು. ಇಷ್ಟು ದಿನ ಅದನ್ನು ಕೇಳಿದ ಕಿವಿಗಳು ನನ್ನವು. ಇನ್ನು ತಮ್ಮವು.

ಈ ಅರ್ಜಿ ಹಾಕಿದ್ದು ಅವರಿಗೆ ಗೊತ್ತಿಲ್ಲ. ಗೊತ್ತಾದ ದಿನ ನಾನು ಇತಿಹಾಸಕ್ಕೆ ಸೇರುತ್ತೇನೆ.

ಇಂತು ತಮ್ಮ ಚರಣರಜ,
ರಿತೇಶ್


ಕರಾಮಾ, ದುಬೈ
೧೨ ಸೆಪ್ಟೆಂಬರ್ ೨೦೨೫

ರಿತೇಶ್ ಅವರಿಗೆ,

ನೀವು ಕೊಟ್ಟ ಬಿರುದುಗಳಲ್ಲಿ ಒಂದು ನಿಜ: ಲಿಫ್ಟ್ ಕೆಟ್ಟಿದೆ. ನಿಮ್ಮ ಮಾಮನವರಿಗೆ ಜಾಗ ಇದೆ. ಏಳನೇ ಕ್ಲಾಸು ಸಾಕು.

ನಮ್ಮಲ್ಲಿ ಒಂದು ನಿಯಮವಿದೆ. ತರಗತಿಗೆ ಸೇರಿದವರು ಹೊರಗಿನ ಒಬ್ಬರಿಗೆ ಕಾಗದದಲ್ಲಿ ಪತ್ರ ಬರೆಯುತ್ತಿರಬೇಕು, ಆ ಒಬ್ಬರು ಉತ್ತರಿಸುತ್ತಿರಬೇಕು. ದಿನಾಂಕ, ಊರು, ಸಹಿ ಕಡ್ಡಾಯ. ಬರೆದದ್ದು ಉಳಿದರೆ ಮಾತ್ರ ಮುಂದಿನವರಿಗೆ ಕೆಲಸ ಇರುತ್ತದೆ. ನಿಮ್ಮ ಮಾಮನವರ ಪತ್ರಗಳಿಗೆ ಉತ್ತರಿಸುವವರು ನೀವು. ತಮಾಷೆ ಶುರು ಮಾಡಿದವರೇ ಮುಗಿಸಲಿ.

ಕೊನೆಯ ಭಾನುವಾರ, ನವೆಂಬರ್ ಮೂವತ್ತು. ಅಂದು ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ವಸ್ತು ತಂದು, ಅದರ ಚರಿತ್ರೆಯನ್ನು ಸಾಕ್ಷಿ ಸಮೇತ ಎಲ್ಲರ ಮುಂದೆ ಹೇಳಬೇಕು.

ಫೆಲ್ಸಿ ಡಿಸೋಜ


ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
೨೩ ಸೆಪ್ಟೆಂಬರ್ ೨೦೨೫

ಚಿರಂಜೀವಿ ರಿತೇಶನಿಗೆ ತುಕ್ರ ಮಾಮನ ಆಶೀರ್ವಾದಗಳು. ನಾನು ಕ್ಷೇಮ. ನೀನೂ ಸದ್ಯಕ್ಕೆ ಕ್ಷೇಮವಾಗಿರು, ಕೈಗೆ ಸಿಕ್ಕಿದ ಮೇಲೆ ಹೇಳಲಿಕ್ಕಾಗುವುದಿಲ್ಲ.

ಮೊದಲ ಭಾನುವಾರ ನಾನು ಬಸ್ಸು ಹತ್ತಿ ದುಬೈಗೆ ಬಂದದ್ದು ಹೆಸರು ತೆಗೆಸಲಿಕ್ಕೆ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತರೆ ಆ ಟೀಚರು, "ಬನ್ನಿ ಮಹಾಮಹೋಪಾಧ್ಯಾಯರೇ, ನೀರು ಕುಡಿಯಿರಿ" ಎಂದರು. ಒಂಬತ್ತು ಜನ ತಿರುಗಿ ನೋಡಿದರು. ನಿನ್ನನ್ನು ಮನಸ್ಸಿನಲ್ಲಿಯೇ ಎರಡು ಬಾರಿಸಿ ಕೂತೆ.

ಆಮೇಲೆ ಏಳಲಿಲ್ಲ. ಟೀಚರು ಒಬ್ಬೊಬ್ಬರ ಕೈಗೂ ಒಂದು ಹಳೆಯ ಸಾಮಾನು ಕೊಟ್ಟು, "ಇದು ಏನು ಹೇಳುತ್ತದೆ, ಏನು ಹೇಳುವುದಿಲ್ಲ, ಎರಡನ್ನೂ ಬರೆಯಿರಿ" ಎಂದರು. ನನಗೆ ಸಿಕ್ಕಿದ್ದು ಒಂದು ಚಿಮಿಣಿ ದೀಪದ ಗಾಜು. ನನ್ನ ಪಕ್ಕದಲ್ಲಿ ಉಳ್ಳಾಲದ ಬೀಯಮ್ಮ ಕೂರುತ್ತಾರೆ, ಮಗನ ಮನೆಗೆ ಬಂದು ಇಲ್ಲಿಯೇ ಇರುವವರು. ಅವರು ನನ್ನ ಕಾಗದ ನೋಡಿ, "ಅಲ್ಲ ಪೂಜಾರ್ರೇ, ಅದು ಹೇಳಿದ್ದು ಎರಡು ಸಾಲು, ನೀವು ಹೇಳಿದ್ದು ಎರಡು ಪುಟ!" ಎಂದು ನಗಾಡಿದರು.

ರಿತೇಶ, ನನ್ನ ಮಾತನ್ನು ಇಷ್ಟು ಹೊತ್ತು ಯಾರೂ ಎದ್ದು ಹೋಗದೆ ಕೇಳಿದ್ದಿಲ್ಲ. ನೀನು ಕೂಡ.

ಈ ಪತ್ರ ವಿಲ್ಫ್ರೆಡ್‌ನ ಕೈಯಲ್ಲಿ ಕೊಡುತ್ತೇನೆ. ಅವನ ವ್ಯಾನ್ ಗುರುವಾರಕ್ಕೊಮ್ಮೆ ನಮ್ಮ ಅಂಗಡಿಗೂ ನಿಮ್ಮ ಗೋದಾಮಿಗೂ ಬರುತ್ತದಲ್ಲ. ನಿನ್ನ ಉತ್ತರವೂ ಅವನಲ್ಲೇ ಇರಲಿ.

ನಿನ್ನ ಮಾಮ,
ತುಕ್ರ


ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್
೨೫ ಸೆಪ್ಟೆಂಬರ್ ೨೦೨೫

ಚಿಮಿಣಿ ಗಾಜಿನ ಚಿದಂಬರ ರಹಸ್ಯ ಭೇದಿಸಿದ ಮಾಮಶ್ರೀಯವರ ಸನ್ನಿಧಿಗೆ,

ನಮಸ್ಕಾರಗಳು. ತಮ್ಮ ಪತ್ರವನ್ನು ವ್ಯಾನ್‌ಸ್ಥ ರಾಜದೂತ ವಿಲ್ಫ್ರೆಡ್ ಸ್ಟೇರಿಂಗ್ ಮುಂದೆ ಚಿಪ್ಸ್ ಪ್ಯಾಕೆಟ್ಟಿನ ಅಡಿಯಲ್ಲಿಟ್ಟು ಸುರಕ್ಷಿತವಾಗಿ ತಲುಪಿಸಿದ. ಇತಿಹಾಸಕಾರರು ಮುಂದೊಂದು ದಿನ ಈ ಕಾಗದದ ಎಣ್ಣೆಕಲೆ ನೋಡಿ ಏನೇನು ಬರೆಯುತ್ತಾರೋ.

ತಾವು ತರಗತಿ ಬಿಡಲಿಲ್ಲ ಎಂದು ಓದಿ ಬೇಸರವಾಯಿತು. ನನ್ನ ತಮಾಷೆ ನಿಮಗೆ ಇಷ್ಟವಾಗಿಬಿಟ್ಟರೆ ಅದು ತಮಾಷೆ ಹೇಗಾಗುತ್ತದೆ? ಕೊನೆಯ ಭಾನುವಾರಕ್ಕೆ ಯಾವ ವಸ್ತು? ಆ ಹಳೇ ರೇಡಿಯೋ ತೆಗೆದುಕೊಂಡು ಹೋಗಿ. ಅದಕ್ಕೆ ಸಾಕ್ಷಿ ಬೇಡ, ಶಬ್ದ ಕೇಳಿದರೆ ಸಾಕು.

ನಿಮ್ಮ ವಿಧೇಯ ಅಳಿಯ,
ರಿತೇಶ್


ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
೮ ಅಕ್ಟೋಬರ್ ೨೦೨೫

ಚಿ. ರಿತೇಶನಿಗೆ ಆಶೀರ್ವಾದ.

ರೇಡಿಯೋ ಬೇಡ. ವಸ್ತು ಸಿಕ್ಕಿದೆ. ಎರಡು ವರ್ಷದ ಹಿಂದೆ ನೀನೇ ತಂದುಕೊಟ್ಟ ಹೆಂಚು. ದುಬೈಯ ದೇರಾದ ಗುಜರಿ ಅಂಗಡಿಯಲ್ಲಿ ಸಿಕ್ಕಿತು, ಅದರ ಮೇಲೆ ಅಜ್ಜನ ಹೆಸರು ಗೀಚಿದೆ ಎಂದು ನೀನು ಕೊಟ್ಟದ್ದು. ಇಷ್ಟು ದಿನ ಮಂಚದ ಅಡಿ ಪೆಟ್ಟಿಗೆಯಲ್ಲಿ ಮೈ ಒರೆಸುವ ಬೈರಾಸು ಸುತ್ತಿ ಇಟ್ಟಿದ್ದೆ. ಟೀಚರಿಗೆ ವಿಷಯ ಬರೆದುಕೊಟ್ಟಾಯ್ತು: "ಐತ ಪೂಜಾರಿ ಎಂಬವರು ದುಬೈ ತಲುಪಿದರೇ?"

ನೀನು ಮನೆಯಲ್ಲಿ ಅರ್ಧಂಬರ್ಧ ಕೇಳಿದ್ದೀ. ಪೂರ್ತಿ ಬರೆಯುತ್ತೇನೆ. ಬರೆದಿಡಬೇಕು ಎಂದು ಟೀಚರು ಹೇಳಿದ್ದಾರೆ.

ನನ್ನ ಅಪ್ಪ, ನಿನ್ನ ಅಜ್ಜ, ಮಂಗಳೂರು ಬಂದರಿನಲ್ಲಿ ಹೆಂಚು ಹೊರುತ್ತಿದ್ದವರು. ಮಂಜಿಗಳು, ಅಂದರೆ ಹಾಯಿ ಕಟ್ಟಿದ ದೊಡ್ಡ ಮರದ ಹಡಗುಗಳು, ಹೆಂಚು ತುಂಬಿಕೊಂಡು ಈ ಕಡೆಗೆಲ್ಲ ಬರುತ್ತಿದ್ದ ಕಾಲ. ಅರವತ್ತೆಂಟನೇ ಇಸವಿಯಲ್ಲಿ ಅಪ್ಪ ಒಂದು ಮಂಜಿ ಹತ್ತಿದರು. ನಿನ್ನ ಅಮ್ಮ ಆಗ ಹೊಟ್ಟೆಯಲ್ಲಿ. ನನಗೆ ಮೂರನೇ ವರ್ಷ. ಹೊರಡುವ ಮೊದಲಿನ ವಾರ ಅವರೇ ಮೇಲೆ ಹತ್ತಿ ಅಡುಗೆಕೋಣೆಯ ಮಾಡಿನ ಮುಳಿಹುಲ್ಲು ಕಿತ್ತು ಹೆಂಚು ಹೊದೆಸಿದರಂತೆ. ಬಂದರಿನಲ್ಲಿ ಮೂಲೆ ಒಡೆದ ಹೆಂಚನ್ನು ಹಡಗಿಗೆ ಏರಿಸುವುದಿಲ್ಲ, ಕೆಲಸದವರಿಗೆ ಬಿಡುತ್ತಾರೆ. ಅಂಥವನ್ನೇ ಒಂದೊಂದಾಗಿ ತಂದು ಕೂಡಿಸಿದ್ದು. ಅಪ್ಪನ ಮುಖ ನನಗೆ ನೆನಪಿಲ್ಲ. ಮಾಡಿನ ಅಂಚಿನಿಂದ ಕೆಳಗೆ ತೂಗುತ್ತಿದ್ದ ಎರಡು ಕಾಲು ನೆನಪುಂಟು. ಅದು ನನ್ನ ನೆನಪೋ ಅಮ್ಮ ಹೇಳಿ ಬಂದದ್ದೋ ಎಂದು ಟೀಚರು ಕೇಳಿದರು.

ಮಂಜಿ ವಾಪಸು ಬರಲಿಲ್ಲ. ಮುಳುಗಿತು ಎಂದು ಕೆಲವರು. ಇಲ್ಲ, ಅಲ್ಲಿ ಇಳಿದು ಬೇರೆ ಸಂಸಾರ ಮಾಡಿಕೊಂಡ ಎಂದು ಕೆಲವರು. ನನ್ನ ಅಮ್ಮ, ನಿನ್ನ ಅಪ್ಪಿ ಅಜ್ಜಿ, ಸಾಯುವವರೆಗೂ ಕರಿಮಣಿ ತೆಗೆಯಲಿಲ್ಲ. ಸತ್ತ ಸುದ್ದಿ ಇಲ್ಲದ ಮೇಲೆ ಬೊಜ್ಜ ಮಾಡುವುದು ಯಾರಿಗೆ? ಬೊಜ್ಜದ ಉತ್ತರಕ್ರಿಯೆ ಆಗದವರಿಗೆ ದೀಪಾವಳಿ ಪರ್ಬದ ದಿನ ಹಿರಿಯರ ಸಾಲಿನಲ್ಲಿ ಎಲೆ ಇಡುವ ಹಾಗಿಲ್ಲ. ಊಟಕ್ಕೆ ಕೂತ ನಮ್ಮ ಸಾಲಿನಲ್ಲಿಯೂ ಅವರಿಗೆ ಎಲೆ ಇಲ್ಲ. ಐವತ್ತೇಳು ವರ್ಷ ಅವರು ಎರಡು ಸಾಲಿನಲ್ಲಿಯೂ ಇಲ್ಲದೆ ಹೊರಗೆ ನಿಂತಿದ್ದಾರೆ.

ಜನವರಿಯಲ್ಲಿ ನಾನು ಊರಿಗೆ. ಮನೆಗೆ ನಾನೇ ಹಿರಿಯ. ಹೋದ ಕೂಡಲೇ ಇದನ್ನು ತೀರ್ಮಾನಿಸಬೇಕು. ಇಷ್ಟರವರೆಗೆ ಕೈಯಲ್ಲಿ ಒಂದು ಚೂರು ಸಾಕ್ಷಿ ಇರಲಿಲ್ಲ. ಈಗ ನೀನು ಕೊಟ್ಟ ಹೆಂಚು ಉಂಟು.

ನಿನ್ನ ಮಾಮ,
ತುಕ್ರ


ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್
೧೧ ಅಕ್ಟೋಬರ್ ೨೦೨೫

ಫೆಲ್ಸಿ ಟೀಚರಿಗೆ ನಮಸ್ಕಾರ.

ಬಿರುದುಗಳ ದಾಸ್ತಾನು ಖಾಲಿಯಾಗಿದೆ. ನೇರ ವಿಷಯಕ್ಕೆ ಬರುತ್ತೇನೆ.

ಮಾಮನ ಹೆಂಚಿನ ಮೇಲಿರುವ ಹೆಸರು ನಾನು ಗೀಚಿದ್ದು. ೨೦೨೩ರ ಮೇ ತಿಂಗಳು, ನನ್ನ ರೂಮಿನ ಬಾಲ್ಕನಿಯಲ್ಲಿ, ಮೂರು ಇಂಚಿನ ಮೊಳೆಯಿಂದ. ದೇರಾದ ಗುಜರಿ ಅಂಗಡಿಯಲ್ಲಿ ಸಿಕ್ಕಿತು ಎಂದು ಹೇಳಿ ಕೊಟ್ಟೆ. ಮಾಮ ಕುಣಿದಾಡುತ್ತಾರೆ, ಎಲೆಕ್ಟ್ರಾ ಸ್ಟ್ರೀಟ್‌ನ ಅಂಗಡಿ ಅಂಗಡಿಗೆ ಹೋಗಿ ತೋರಿಸುತ್ತಾರೆ, ಎರಡು ದಿನ ಬಿಟ್ಟು ನಾನು "ಬೇಸ್ತು!" ಎನ್ನುತ್ತೇನೆ, ಅವರು ಚಪ್ಪಲಿ ತೆಗೆದುಕೊಂಡು ಅಟ್ಟಿಸುತ್ತಾರೆ, ಇಬ್ಬರೂ ಹೋಗಿ ಚಾ ಕುಡಿಯುತ್ತೇವೆ. ನನ್ನ ಯೋಜನೆ ಇದ್ದದ್ದು ಇಷ್ಟೇ.

ಅವರು ಕುಣಿಯಲಿಲ್ಲ. ಹೆಸರನ್ನು ನೋಡಿದರು. ತುಂಬ ಹೊತ್ತು ನೋಡಿದರು. ಅಂಗಿಯ ತುದಿಯಿಂದ ಒರೆಸಿ, ಬೈರಾಸಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. "ಊಟ ಮಾಡಿ ಹೋಗು" ಎಂದರು. ಅಷ್ಟೇ. "ಬೇಸ್ತು" ಎನ್ನಲು ಜಾಗವೇ ಸಿಗಲಿಲ್ಲ. ಮತ್ತೆ ಪ್ರತಿ ಸಲ ಹೋದಾಗಲೂ ಹೇಳುತ್ತೇನೆ ಎಂದುಕೊಂಡೇ ಹೋದೆ, ಪ್ರತಿ ಸಲವೂ ಊಟ ಮಾಡಿ ಬಂದೆ.

ಈಗ ಅವರು ಅದನ್ನು ಹಿಡಿದುಕೊಂಡು ತಮ್ಮ ಅಪ್ಪನ ಬೊಜ್ಜ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸಲು ಹೊರಟಿದ್ದಾರೆ. ಹೆಂಚು ನಿಜ ಎಂದು ನಂಬಿದರೆ, ಅಜ್ಜ ದುಬೈ ತಲುಪಿ ನಮ್ಮನ್ನು ಮರೆತರು ಎಂದು ನಂಬಬೇಕಾಗುತ್ತದೆ. ನನ್ನ ಮೊಳೆ ಎಲ್ಲಿಗೆ ಹೋಗಿ ನೆಟ್ಟಿದೆ ನೋಡಿ.

ದಯವಿಟ್ಟು ಆ ವಿಷಯ ಬೇಡ ಎಂದುಬಿಡಿ. ಏನಾದರೂ ಕಾರಣ ಹೇಳಿ. ನಾನು ತಮ್ಮ ಕಟ್ಟಡದ ಲಿಫ್ಟ್ ರಿಪೇರಿ ಮಾಡಿಸುತ್ತೇನೆ.

ರಿತೇಶ್


ಕರಾಮಾ, ದುಬೈ
೧೫ ಅಕ್ಟೋಬರ್ ೨೦೨೫

ರಿತೇಶ್ ಅವರಿಗೆ,

ವಿಷಯ ಬೇಡ ಎನ್ನುವುದಿಲ್ಲ. ಹತ್ತು ಜನರಲ್ಲಿ ನಿಜವಾದ ಪ್ರಶ್ನೆ ತಂದವರು ಅವರೊಬ್ಬರೇ. ಸುಳ್ಳು ಕಾರಣ ಹೇಳಿ ನಾನು ಅದನ್ನು ಕಿತ್ತುಕೊಳ್ಳಲಾರೆ.

ನೀವು ಬರೆದದ್ದನ್ನು ನಾನು ಅವರಿಗೆ ಹೇಳುವುದಿಲ್ಲ. ಅದು ನೀವು ಹೇಳಬೇಕಾದದ್ದು. ಆದರೆ ಒಂದು ತಿಳಿದಿರಲಿ. ನವೆಂಬರ್ ಮೂವತ್ತರಂದು ಆ ಹೆಂಚು ನನ್ನ ಮೇಜಿನ ಮೇಲೆ ಬಂದರೆ, ಎಲ್ಲ ವಸ್ತುಗಳಿಗೆ ಕೇಳುವ ಪ್ರಶ್ನೆಗಳನ್ನು ಅದಕ್ಕೂ ಕೇಳುತ್ತೇನೆ. ಮೂವತ್ತೊಂದು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದವಳು ನಾನು. ಒಬ್ಬರಿಗಾಗಿ ಕಣ್ಣು ಮುಚ್ಚಲು ನನಗೆ ಬರುವುದಿಲ್ಲ. ಆ ದಿನ ಊರಿನಿಂದ ನಿಮ್ಮ ತಾಯಿಯೂ ಫೋನಿನಲ್ಲಿ ನೋಡುತ್ತಾರೆಂದು ಪೂಜಾರಿಯವರು ಹೇಳಿದ್ದಾರೆ. ನಿಮಗಿರುವುದು ಆರು ವಾರ.

ಇನ್ನೊಂದು ಮಾತು. ಯಾವ ವಸ್ತು ಕೈಗೆ ಬಂದರೂ ಮೊದಲ ಪ್ರಶ್ನೆ, ಇದು ಎಲ್ಲಿಂದ ಬಂತು ಎಂಬುದು. ಹೆಸರು ಎಲ್ಲಿಂದ ಬಂತೆಂದು ನೀವು ಬರೆದಿದ್ದೀರಿ. ಹೆಂಚು ಎಲ್ಲಿಂದ ಬಂತೆಂದು ಬರೆದಿಲ್ಲ. "ಹೇಳಿ ಕೊಟ್ಟೆ" ಎಂದಿದ್ದೀರಿ. ನಾನು ಕೇಳುತ್ತಿಲ್ಲ, ಗಮನಿಸಿದೆ ಅಷ್ಟೇ.

ಫೆಲ್ಸಿ ಡಿಸೋಜ


ಅಖಿಲ ಕೊಲ್ಲಿ ಹೆಂಚು, ಇಟ್ಟಿಗೆ ಹಾಗೂ ಮಡಕೆ ಚೂರು ನಿಯಂತ್ರಣ ಮಂಡಳಿ
ಕೇಂದ್ರ ಕಚೇರಿ: ಗುಪ್ತಸ್ಥಳ
೨೩ ಅಕ್ಟೋಬರ್ ೨೦೨೫

ಶ್ರೀ ತುಕ್ರ ಪೂಜಾರಿಯವರಿಗೆ ಕೊನೆಯ ಎಚ್ಚರಿಕೆ.

ತಾವು ಮಂಡಳಿಯ ಪೂರ್ವಾನುಮತಿ ಇಲ್ಲದೆ ಒಂದು ಹೆಂಚನ್ನು ಇತಿಹಾಸಕ್ಕೆ ಬಳಸಲು ಸಂಚು ಹೂಡಿರುವುದು ಗೂಢಚಾರರಿಂದ ತಿಳಿದುಬಂದಿದೆ. ಹೆಂಚು ಮಾಡಿಗೆ ಸಂಬಂಧಪಟ್ಟದ್ದು, ಪಾಠಕ್ಕಲ್ಲ. ಈ ನೋಟೀಸು ತಲುಪಿದ ಏಳು ದಿನಗಳೊಳಗೆ ಸದರಿ ಹೆಂಚನ್ನು ಬಿಟ್ಟು ರೇಡಿಯೋ, ಟಾರ್ಚು ಅಥವಾ ಇಸ್ತ್ರಿಪೆಟ್ಟಿಗೆಯನ್ನು ವಿಷಯವಾಗಿ ಆರಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ತಲೆಯ ಮೇಲಿರುವ ಸೂರು ಮುಟ್ಟುಗೋಲು ಹಾಕಿಕೊಳ್ಳಲಾಗುವುದು. ಖಲಾಸ್.

ಮುಖ್ಯ ಹೆಂಚಾಧಿಕಾರಿ
(ಸಹಿ ಅಸ್ಪಷ್ಟ)


ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
೨೯ ಅಕ್ಟೋಬರ್ ೨೦೨೫

ರಿತೇಶನಿಗೆ,

ಹೆಂಚು ಮಂಡಳಿಯ ನೋಟೀಸು ತಲುಪಿತು. ನಗು ಬರಲಿಲ್ಲ.

ನೀನು ನಗಿಸಲಿಕ್ಕೆ ಬರೆದಾಗ ಹೇಗಿರುತ್ತದೆ ಎಂದು ನನಗೆ ಗೊತ್ತು. ಇದು ಹೆದರಿ ಬರೆದದ್ದು. ಎಂಥದಕ್ಕೆ ಹೆದರಿಕೆ?

ಪರ್ಬದ ದಿನ ನಿನ್ನ ಅಮ್ಮ ಹಿರಿಯರಿಗೆ ಬಡಿಸಿದ್ದನ್ನು ಫೋನಿನಲ್ಲಿ ತೋರಿಸಿದಳು. ಏಳು ಎಲೆ. ಏಳನೆಯದರ ಪಕ್ಕದಲ್ಲಿ ಒಂದು ಎಲೆಯಷ್ಟು ಜಾಗ ಬಿಟ್ಟಿದ್ದಳು. ನಾನು ಹೇಳಿರಲಿಲ್ಲ. "ಅಣ್ಣ, ನೀನು ಬರುವಾಗ ಏನಾದರೊಂದು ಗೊತ್ತು ಮಾಡಿಕೊಂಡೇ ಬಾ" ಎಂದಳು. ಹುಟ್ಟುವ ಮೊದಲೇ ಹೋದ ಅಪ್ಪ ಅವಳಿಗೆ.

ನನಗೆ ತಿಳಿಸಬೇಕಾದದ್ದು ಏನಾದರೂ ಇದ್ದರೆ ನಿನ್ನ ಹೆಸರಿನಲ್ಲಿ ಬರೆ.

ತುಕ್ರ


ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್
೨೭ ನವೆಂಬರ್ ೨೦೨೫

ಶ್ರೀಮನ್ಮಹಾ

ಬೇಡ. ಕಾಟು ಹಾಕಿದ್ದೇನೆ.

ಮಾಮಾ, ನಾಲ್ಕು ವಾರದಿಂದ ಬರೆಯಲಿಲ್ಲ. ನಾಲ್ಕು ಗುರುವಾರವೂ ವಿಲ್ಫ್ರೆಡ್ 'ಲೆಟರ್ ಉಂಟಾ?' ಎಂದು ಕೈ ಚಾಚಿದ. ನಾಲ್ಕು ಸಲವೂ ಇಲ್ಲ ಎಂದೆ. ಇವತ್ತು ಅವನು ವ್ಯಾನ್ ಆಫ್ ಮಾಡಿ ಕೆಳಗಿಳಿದು, "ಏನು ಮಾರಾಯ, ನಿನ್ನ ಮಾಮ ಪ್ರತಿ ವಾರ ಅಂಗಡಿಯ ಹೊರಗೆ ಬಂದು ನಿಲ್ಲುತ್ತಾರೆ. ನನ್ನ ಕೈ ಖಾಲಿ ನೋಡಿ, 'ಟ್ರಾಫಿಕ್ ಇತ್ತಾ?' ಅಂತ ಕೇಳಿ ಒಳಗೆ ಹೋಗ್ತಾರೆ. ನನಗೆ ಆಗುದಿಲ್ಲ ಅದನ್ನು ನೋಡ್ಲಿಕ್ಕೆ. ನೀನು ಬರೆಯುವ ತನಕ ನಾನು ಲೋಡ್ ಇಳಿಸುದಿಲ್ಲ" ಎಂದ. ಈಗ ಹೊರಗೆ ಸೂಪರ್‌ವೈಸರ್ ಯಲ್ಲಾ ಯಲ್ಲಾ ಎಂದು ಕೂಗುತ್ತಿದ್ದಾನೆ. ನಾನು ಪೆಟ್ಟಿಗೆಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ.

ಹೆಂಚಿನ ಮೇಲಿನ ಹೆಸರು ಅಜ್ಜ ಬರೆದದ್ದಲ್ಲ. ನಾನು ಬರೆದದ್ದು. ಮೊಳೆಯಿಂದ. ತಮಾಷೆಗೆ.

ಅಜ್ಜ ನನಗೆ ಒಂದು ಕಥೆಯಾಗಿದ್ದರು ಮಾಮಾ. ನಿಮಗೆ ಅಪ್ಪ ಎಂದು ತಲೆಗೆ ಹೋಗಿರಲಿಲ್ಲ. ಎಲೆಯ ವಿಷಯ ನೀವು ಬರೆದ ಮೇಲೆಯೇ ನನಗೆ ಗೊತ್ತಾದದ್ದು.

ಭಾನುವಾರ ಆ ಹೆಂಚು ಹಿಡಿದು ಎಲ್ಲರ ಮುಂದೆ ನಿಲ್ಲಬೇಡಿ. ಫೆಲ್ಸಿ ಟೀಚರಿಗೆ ಎಲ್ಲ ಗೊತ್ತು, ನಾನೇ ಹೇಳಿದ್ದೇನೆ. ಕೇಳಿಯೇ ಕೇಳುತ್ತಾರೆ. ಅಮ್ಮ ಫೋನಿನಲ್ಲಿ ನೋಡುತ್ತಿರುತ್ತಾಳೆ. ನನ್ನನ್ನು ಬೈಯಿರಿ, ಹೊಡೆಯಿರಿ, ಮಾತು ಬಿಡಿ. ಅಲ್ಲಿ ಮಾತ್ರ ಹೋಗಬೇಡಿ.

ವ್ಯಾನ್ ಸರ್ವೀಸಿಗೆ ಹೋಗುವುದಿದೆ, ಶನಿವಾರದೊಳಗೆ ತಲುಪಿಸುತ್ತೇನೆ ಎನ್ನುತ್ತಾನೆ. ತಲುಪಿದರೆ ಸಾಕು.

ರಿತೇಶ್


ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
೧ ಡಿಸೆಂಬರ್ ೨೦೨೫

ಚಿ. ರಿತೇಶನಿಗೆ ಮಾಮನ ಆಶೀರ್ವಾದಗಳು.

ನಿನ್ನ ಪತ್ರ ಶನಿವಾರ ಮಧ್ಯಾಹ್ನ ಸಿಕ್ಕಿತು. ಓದಿದೆ. ಭಾನುವಾರ ಹೋದೆ.

ನೀನು ಎರಡನೇ ಮಹಡಿಯ ಮೆಟ್ಟಿಲಲ್ಲಿ ಕೂತಿದ್ದೆ ಎಂದು ಬೀಯಮ್ಮ ಹೇಳಿದರು. "ಫೋಟೋದಲ್ಲಿ ತೋರಿಸಿದ ನಿಮ್ಮ ಅಳಿಯನ ಹಾಗೆ ಕಾಣುವ ಒಬ್ಬ ಹುಡುಗ ಗೋಡೆಗೆ ಹಣೆ ಒತ್ತಿ ಕೂತಿದ್ದಾನೆ, ಮೈ ಸರಿ ಇಲ್ವಾ?" ಎಂದು. ಕರೆಯಬೇಡಿ ಎಂದೆ. ಮೇಲೆ ಬರುವುದು ಬಿಡುವುದು ನಿನ್ನ ಇಷ್ಟ. ಬರಲಿಲ್ಲ ನೀನು. ಹಾಗಾಗಿ ಅಲ್ಲಿ ನಡೆದದ್ದನ್ನು ಬರೆಯುತ್ತೇನೆ.

ಹೆಂಚನ್ನು ಮೇಜಿನ ಮೇಲಿಟ್ಟೆ. ನಿನ್ನ ಅಮ್ಮನ ಮುಖ ಇರುವ ಫೋನನ್ನು ನೀರಿನ ಬಾಟ್ಲಿಗೆ ಒರಗಿಸಿದೆ. ಟೀಚರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಇದರ ಮೇಲಿನ ಹೆಸರು ಸುಳ್ಳು. ಹೇಗೆ ಎಂದು ತೋರಿಸುತ್ತೇನೆ."

ಫೋನಿನಲ್ಲಿ ನಿನ್ನ ಅಮ್ಮ, "ಅಣ್ಣ, ಎಂಥದು ಹೇಳುದು?" ಎಂದಳು. ಸ್ವಲ್ಪ ಇರು ಎಂದೆ.

ಹೆಂಚು ಸುಡುವ ಮೊದಲು ಹಸಿಮಣ್ಣಿನಲ್ಲಿ ಬರೆದಿದ್ದರೆ ಗೀರಿನ ಅಂಚು ದುಂಡಗೆ ಇರುತ್ತದೆ. ಇದರ ಅಂಚು ಚೂಪು, ಚಕ್ಕೆ ಎದ್ದಿದೆ. ಹೆಂಚಿನ ಮೈಯೆಲ್ಲ ಕಪ್ಪಾಗಿದ್ದರೂ ಗೀರಿನ ಒಳಗೆ ಕೆಂಪು ಹೊಸತಾಗಿದೆ. ಕೊನೆಗೆ ಎಲ್ಲಕ್ಕಿಂತ ದೊಡ್ಡದು: ನನ್ನ ಅಪ್ಪನಿಗೆ ಬರೆಯಲಿಕ್ಕೆ ಬರುತ್ತಿರಲಿಲ್ಲ. ಬಂದರಿನಲ್ಲಿ ಕೂಲಿಗೆ ಹೆಬ್ಬೆಟ್ಟು ಒತ್ತುತ್ತಿದ್ದವರು.

ಹೌದು ರಿತೇಶ. ನೀನು ಕೊಟ್ಟ ದಿನವೇ, ಬೈರಾಸು ಸುತ್ತುವ ಮೊದಲೇ ನನಗೆ ಗೊತ್ತಿತ್ತು. ಆದರೂ ಸಾಕ್ಷಿ ಉಂಟು ಎಂದು ನಿನಗೆ ಬರೆದದ್ದು, ನೀನೇ ಬಾಯಿ ಬಿಡಲಿ ಎಂದು. ನಿನ್ನ ಕಾಲದಲ್ಲಿ ಎಲ್ಲರಿಗೂ ಹೆಸರು ಬರೆಯಲಿಕ್ಕೆ ಬರುತ್ತದೆ. ಅದಕ್ಕೆ ಎಲ್ಲರ ಅಜ್ಜನಿಗೂ ಬರುತ್ತಿತ್ತು ಎಂದುಕೊಂಡಿದ್ದೀ.

ಬೀಯಮ್ಮ ಬಿಡಲಿಲ್ಲ. "ಗೊತ್ತಿದ್ದೂ ಎರಡು ವರ್ಷ ಪೆಟ್ಟಿಗೆಯಲ್ಲಿ ಇಟ್ಟುಕೊಂಡ್ರಾ? ಬಿಸಾಡಲಿಲ್ಲ ಯಾಕೆ?" ಎಂದರು. ಅದಕ್ಕೆ ನಾನು ತಯಾರಾಗಿ ಹೋಗಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ನನ್ನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಉಂಟು, ಅದು ಕಚೇರಿಯವರು ಬರೆದದ್ದು. ನಮ್ಮ ಮನೆಯವರು ಯಾರೂ ಆ ಹೆಸರನ್ನು ಒಂದು ಸಲವೂ ಬರೆದದ್ದಿಲ್ಲ. ಬರೆದರೆ ಯಾವ ಸಾಲಿನಲ್ಲಿ ಬರೆಯುವುದು ಎಂದು ಹೆದರಿಕೆ. ನನ್ನ ಅಳಿಯ ಹೆದರಲಿಲ್ಲ, ಬರೆದುಬಿಟ್ಟ. ತಮಾಷೆಗೆ ಬರೆದ, ಆದರೂ ಬರೆದ. ಬಿಸಾಡುವುದು ಹೇಗೆ?

ಆಗ ಟೀಚರು ಎದ್ದು ಬಂದು ಹೆಂಚನ್ನು ಮಗುಚಿ ನೋಡಿದರು. ಒಳಮೈಯಲ್ಲಿ ಬೆರಳಾಡಿಸಿ ಮಸಿ ತೋರಿಸಿದರು. "ಪೂಜಾರ್ರೇ, ಹೆಸರು ಹೋಯಿತು, ಹೆಂಚು ಉಳಿಯಿತಲ್ಲ. ಇದು ಯಾವುದೋ ಅಡುಗೆಮನೆಯ ಮಾಡಿನಲ್ಲಿ ವರ್ಷಗಟ್ಟಲೆ ಹೊಗೆ ಕುಡಿದಿದೆ. ಮೂಲೆ ಬೇರೆ ಒಡೆದಿದೆ" ಎಂದು ಏನನ್ನೋ ಹೇಳಹೊರಟು ನಿಲ್ಲಿಸಿದರು. ದೇರಾದಲ್ಲಿ ಇಂಥ ಮಾಡಿನ ಮನೆಗಳು ಇದ್ದಿರಬಹುದು ಎಂದು ಒಬ್ಬರು. ಮೂಲೆ ಒಡೆದದ್ದು ಮಂಜಿಯಲ್ಲಿ ಬರುವಾಗ ಇರಬಹುದು ಎಂದು ಇನ್ನೊಬ್ಬರು. ಹೌದು, ಇರಬಹುದು ಎಂದು ನಾನೂ ಹೇಳಿದೆ.

ಕೊನೆಗೆ ಬೋರ್ಡಿನಲ್ಲಿ ನನ್ನ ಪ್ರಶ್ನೆ ಬರೆದೆ: ಐತ ಪೂಜಾರಿ ದುಬೈ ತಲುಪಿದರೇ? ಕೆಳಗೆ ಉತ್ತರ ಬರೆದೆ: ಗೊತ್ತಿಲ್ಲ. ಟೀಚರು ಹನ್ನೆರಡು ವಾರ ಕಲಿಸಿದ್ದು ಅದನ್ನೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಕೈ ನಡುಗದೆ ಬರೆಯುವುದು. ನಿನ್ನ ಅಮ್ಮ ಫೋನಿನಲ್ಲಿ ಅತ್ತಳು. ಆಮೇಲೆ, "ಆಯ್ತಣ್ಣ, ಗೊತ್ತಿಲ್ಲ ಎಂದೇ ಎಲೆ ಇಡುವ. ಎಷ್ಟು ದಿನ ಹೊರಗೆ ನಿಲ್ಲಿಸುದು ಅವರನ್ನು" ಎಂದಳು. ಜನವರಿಯಲ್ಲಿ ಬೊಜ್ಜ ಮಾಡುವುದು ಎಂದು ಇಬ್ಬರೂ ಒಪ್ಪಿದೆವು.

ಇನ್ನು ಹೆಂಚಿನ ವಿಷಯ. ಹೆಸರು ಬರೆದದ್ದು ನೀನೇ ಆದರೂ ಹೆಂಚು ಮಂಗಳೂರಿನಲ್ಲಿ ಸುಟ್ಟದ್ದು. ಅಪ್ಪನ ಹಾಗೆ ಯಾರೋ ತಲೆಯ ಮೇಲೆ ಹೊತ್ತು ಮಂಜಿಗೆ ಏರಿಸಿದ್ದು. ಅಪ್ಪ ಹೋದ ದಾರಿಯಲ್ಲಿಯೇ ಸಮುದ್ರ ದಾಟಿ ಬಂದದ್ದು. ನನಗೆ ಅಷ್ಟು ಸಾಕು. ಬರುವ ಭಾನುವಾರ ದೇರಾ ಕಡೆ ಅಬ್ರಾ ದೋಣಿ ಹತ್ತಿ ಕ್ರೀಕ್‌ನ ನಡುವಿನಲ್ಲಿ ಅದನ್ನು ನೀರಿಗೆ ಬಿಡುತ್ತೇನೆ. ನೀನೂ ಬಾ.

ಭಾನುವಾರಕ್ಕೆ ಇನ್ನೂ ಆರು ದಿನ ಉಂಟು. ನಡುವಿನಲ್ಲಿ ಒಂದು ಗುರುವಾರವೂ ಬರುತ್ತದೆ. ಬೇರೆ ಏನಾದರೂ ಬರೆಯುವುದಿದ್ದರೆ ವಿಲ್ಫ್ರೆಡ್‌ನ ಕೈಯಲ್ಲಿ ಕೊಡು.

ನಿನ್ನ ಮಾಮ,
ತುಕ್ರ


ಜೆಬೆಲ್ ಅಲಿ
೪ ಡಿಸೆಂಬರ್ ೨೦೨೫, ಗುರುವಾರ

ಮಾಮನವರಿಗೆ ನಮಸ್ಕಾರಗಳು.

ಹನ್ನೆರಡು ಭಾನುವಾರಗಳಲ್ಲಿ ನೀವು ಇಷ್ಟು ದೊಡ್ಡ ವಿದ್ವಾಂಸರಾಗುತ್ತೀರಿ ಎಂದು ತಿಳಿದಿದ್ದರೆ ಆ ದಿನ ಕೈ ತೊಳೆಯದೆಯೇ ಹೋಟೆಲಿನಿಂದ ಹೊರಗೆ ಬರುತ್ತಿದ್ದೆ. ಮೆಟ್ಟಿಲಲ್ಲಿ ಕೂತಾಗ ಮೇಲಿನಿಂದ ಚಪ್ಪಾಳೆ ಕೇಳಿತು. ನನ್ನನ್ನು ಹಿಡಿದು ತರಲು ಜನ ಎದ್ದಿದ್ದಾರೆ ಎಂದುಕೊಂಡು ಓಡಿದೆ. ಕರಾಮಾದಿಂದ ಬಸ್‌ಸ್ಟಾಪಿನವರೆಗೆ ಅಷ್ಟು ವೇಗವಾಗಿ ಯಾವ ಚಕ್ರವರ್ತಿಯೂ ಪಲಾಯನ ಮಾಡಿದ ದಾಖಲೆ ಇಲ್ಲ. ಹುಡುಕಿ ನೋಡಿ.

ಭಾನುವಾರ ಬರುತ್ತೇನೆ. ಆದರೆ ಅಬ್ರಾ ಹತ್ತುವ ಮೊದಲು ನೀವು ಇದನ್ನು ಓದಬೇಕು. ಸಣ್ಣ ವಿಷಯ.

ದೇರಾದಲ್ಲಿ ಆ ಗುಜರಿ ಅಂಗಡಿ ಇಲ್ಲ.

ಹೆಂಚು ಮಂಜಿಯಲ್ಲಿ ಬಂದದ್ದಲ್ಲ. ಮಂಗಳೂರಿನ ವಿಮಾನದಲ್ಲಿ ನನ್ನ ಕೈಚೀಲದೊಳಗೆ, ನಿಮಗೆಂದು ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳದ ಮೇಲೆ ಕೂತು ಬಂದದ್ದು. ಏರ್‌ಪೋರ್ಟಿನಲ್ಲಿ ಸ್ಕ್ಯಾನರಿನವನು ಹೊರಗೆ ತೆಗೆಸಿ, "ಇದು ಎಂಥದು?" ಎಂದ. ಹೆಂಚು ಎಂದೆ. "ಯಾಕೆ, ದುಬೈಯಲ್ಲಿ ಮಾಡು ಸೋರ್ತದಾ?" ಎಂದ. "ಈ ಸಲದ ಹಪ್ಪಳ ಎಂಥದು ಮಾರಾಯ್ತಿ, ಬರೀ ಪುಡಿ" ಎಂದು ನೀವು ಅಮ್ಮನಿಗೆ ಫೋನಿನಲ್ಲಿ ಬೈದಿರಲ್ಲ. ಅದರಲ್ಲಿ ಅಮ್ಮನ ತಪ್ಪು ಇರಲಿಲ್ಲ.

ಆ ವರ್ಷ ಏಪ್ರಿಲ್‌ನಲ್ಲಿ ನಮ್ಮ ಊರಿನ ಮನೆಯ ಅಡುಗೆಕೋಣೆಗೆ ತಾರಸಿ ಹಾಕಿಸಿದೆವಲ್ಲ, ನಿಮಗೆ ರಜೆ ಸಿಗಲಿಲ್ಲ, ನಾನೊಬ್ಬನೇ ಊರಿನಲ್ಲಿದ್ದೆ. ಹಳೆಯ ಹೆಂಚುಗಳನ್ನು ಲಾರಿಗೆ ತುಂಬುವಾಗ ಒಂದನ್ನು ಎತ್ತಿಟ್ಟುಕೊಂಡೆ. ಎಲ್ಲದರ ಮೂಲೆಯೂ ಒಡೆದಿತ್ತು, ಯಾಕೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಮಾಡಿನ ಅಂಚಿನಿಂದ ಎರಡನೇ ಸಾಲಿನದ್ದು ಅದು ಮಾಮಾ. ಕೂತರೆ ಕಾಲು ಕೆಳಗೆ ತೂಗುವಷ್ಟು ಹತ್ತಿರ.

ನಿಮ್ಮ ಅಳಿಯ,
ರಿತೇಶ್